ಸೀಸದ ಭಟ್ಟಿ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಶಂಭುಲಿಂಗನ ಬ್ಯಾಟರಿ ಅಂಗಡಿ ಇತ್ತು. ಅದಿರು ಲಾರಿಗಳು ಹಗಲು ರಾತ್ರಿಯೆನ್ನದೆ ಓಡುತ್ತಿದ್ದ ವರ್ಷಗಳವು. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿ ಕುಲುಕಿ ಲಾರಿಗಳ ಬ್ಯಾಟರಿಗಳು ಬೇಗ ಸಾಯುತ್ತಿದ್ದವು. ಹೊಸದನ್ನು ಕೊಂಡವರು ಹಳೆಯದನ್ನು ಅಲ್ಲೇ ಕೊಟ್ಟು ಹೋಗುತ್ತಿದ್ದರು. ಅಂಗಡಿಯ ಹಿತ್ತಲಲ್ಲಿ ಅವುಗಳ ರಾಶಿ ಬೆಳೆಯುತ್ತಿತ್ತು, ಅದರ ಮೇಲೆ ಕೆಂಪು ಧೂಳು ಕೂರುತ್ತಿತ್ತು.

ಆ ರಾಶಿಯನ್ನು ಒಯ್ಯುತ್ತಿದ್ದವನು ಎಮ್ಮಿಗನೂರಿನ ತಾಯಪ್ಪ. ಶಂಭುಲಿಂಗನೂ ಅವನೂ ಚಿಕ್ಕಂದಿನಲ್ಲಿ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ತಾಯಪ್ಪ ತನ್ನೂರ ಹೊರಗೆ, ಕಬ್ಬಿನ ಹೊಲದ ಅಂಚಿಗೆ ಒಂದು ತಗಡಿನ ಶೆಡ್ ಹಾಕಿಕೊಂಡಿದ್ದ. ಅಲ್ಲಿ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು, ಆಸಿಡ್ಡನ್ನು ನೆಲಕ್ಕೆ ಚೆಲ್ಲಿ, ಒಳಗಿನ ಸೀಸದ ಹಲಗೆಗಳನ್ನು ಭಟ್ಟಿಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಿದ್ದ. ನೋಂದಾಯಿತ ಕಾರ್ಖಾನೆಯವರು ಕೊಡುವುದಕ್ಕಿಂತ ಅವನು ಹೆಚ್ಚೇ ಕೊಡುತ್ತಿದ್ದ. ಅವರ ಲಾರಿ ದೂರದಿಂದ ಬರಬೇಕು, ಕರೆದ ದಿನ ಬರುವುದಿಲ್ಲ. ತಾಯಪ್ಪನಿಗೆ ಫೋನ್ ಮಾಡಿದರೆ ಮಧ್ಯಾಹ್ನದೊಳಗೆ ಹಿತ್ತಲು ಖಾಲಿ.

ಒಮ್ಮೆ ಬಳ್ಳಾರಿಯ ಪರಿಸರ ಅಧಿಕಾರಿ ಶೈಲಶ್ರೀ ಅಂಗಡಿಗೆ ಬಂದಿದ್ದರು. ಹಳೇ ಬ್ಯಾಟರಿ ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದರು. ಮಾರಿದವನೇ ವಾಪಸು ಪಡೆದು ನೋಂದಾಯಿತ ಕಾರ್ಖಾನೆಗೇ ಕಳಿಸಬೇಕೆಂದು ನಿಯಮವಿದೆ, ಬೇರೆಯವರಿಗೆ ಕೊಡುವಂತಿಲ್ಲ ಎಂದರು. ಶಂಭುಲಿಂಗ ಮಜ್ಜಿಗೆ ತರಿಸಿಕೊಟ್ಟು, “ಹಂಗs ಮಾಡ್ತೀವ್ರಿ ಮೇಡಂ” ಎಂದ. ಅವರ ಜೀಪು ತಿರುವಿನಲ್ಲಿ ಮರೆಯಾದ ಮೇಲೆ, ಸಣ್ಣ ಅಂಗಡಿಯವರನ್ನು ಕಾಡುವುದಕ್ಕೆ ಇನ್ನೊಂದು ಕಾಯ್ದೆ ಅಂದುಕೊಂಡು ಅದನ್ನು ಮರೆತೇಬಿಟ್ಟ.

ಆ ಬೇಸಿಗೆಯಲ್ಲಿ ತಾಯಪ್ಪ ಲೋಡ್ ತುಂಬಲು ಬಂದಾಗ ಒಂದು ಬ್ಯಾಟರಿ ಅವನ ಕೈಯಿಂದ ಜಾರಿ ಕಾಲ ಪಕ್ಕಕ್ಕೇ ಬಿತ್ತು. ಶಂಭುಲಿಂಗ ನೋಡಿದ: ಬಲಗೈಯ ಮಣಿಕಟ್ಟು ಕೆಳಗೆ ಜೋತುಬಿದ್ದಿತ್ತು. ತಾಯಪ್ಪ ಬೆರಳು ಎತ್ತಲು ನೋಡಿದ, ಏಳಲಿಲ್ಲ.

“ಏನಾತೋ ಕೈಗೆ?”

“ಏನಿಲ್ಲೋ ಮಾರಾಯ, ನರ ಹಿಡದೈತಿ. ಎಣ್ಣಿ ತಿಕ್ಕಿದ್ರ ಹೋಗ್ತತಿ” ಎಂದು ನಕ್ಕ. ಮುಖ ಬಿಳಿಚಿಕೊಂಡಿತ್ತು. ಎಡಗೈಯಲ್ಲೇ ಉಳಿದದ್ದನ್ನು ತುಂಬಿದ.

ಮುಂದಿನ ವಾರ ಅವನ ಹೆಂಡತಿ ಜಂಬವ್ವ ಒಬ್ಬಳೇ ಬಸ್ಸು ಹತ್ತಿ ಅಂಗಡಿಗೆ ಬಂದಳು. ಕುಂದ್ರು ಎಂದರೂ ಕೂರಲಿಲ್ಲ.

“ಅಣ್ಣಾ, ಹೊಟ್ಟಿ ಹಿಡಕೊಂಡು ನೆಲದ ಮ್ಯಾಲ ಹೊರಳ್ಯಾಡ್ತಾನ. ಉಂಡದ್ದು ನಿಲ್ಲವಲ್ದು. ದವಾಖಾನಿಗೆ ನಡಿ ಅಂದ್ರ ಬೈತಾನ. ನೀವು ಹೇಳಿದ್ರ ಕೇಳ್ತಾನ, ಬರ್ರಿ.”

ಶಂಭುಲಿಂಗ ಅವಳೊಂದಿಗೆ ಎಮ್ಮಿಗನೂರಿಗೆ ಹೋದ. ಇಷ್ಟು ವರ್ಷ ಬ್ಯಾಟರಿ ಕೊಟ್ಟಿದ್ದರೂ ಆ ಶೆಡ್ಡನ್ನು ಅವನು ನೋಡಿದ್ದು ಅದೇ ಮೊದಲು. ಸುತ್ತ ಹುಲ್ಲು ಸುಟ್ಟು ಹೋಗಿತ್ತು. ನೆಲದ ಮೇಲೆ ಬೂದಿಯಂಥ ಪುಡಿ. ಒಡೆದ ಕಪ್ಪು ಡಬ್ಬಿಗಳು ಕಾಲುವೆಯ ದಂಡೆಯವರೆಗೂ ಚೆಲ್ಲಾಡಿದ್ದವು. ಅವುಗಳಲ್ಲಿ ಅರ್ಧಕ್ಕರ್ಧ ತನ್ನ ಅಂಗಡಿಯ ಸ್ಟಿಕ್ಕರ್ ಅಂಟಿದ್ದವು.

ಪಕ್ಕದ ಹೊಲದ ಎರ್ರೆಮ್ಮ ಅವನನ್ನು ಕಂಡು ಹತ್ತಿರ ಬಂದಳು. “ನೀವೇನ್ರಿ ಇದನ್ನ ಕಳಸೋ ಸಾವ್ಕಾರ್ರು? ಬರ್ರಿ ಇಲ್ಲಿ” ಎಂದು ತನ್ನ ಕೊಟ್ಟಿಗೆಗೆ ಕರೆದೊಯ್ದಳು. ಒಂದು ಎಮ್ಮೆ ಗೋಡೆಗೆ ಹಣೆಯೊತ್ತಿ ನಿಂತಿತ್ತು. ಹಲ್ಲು ಕರಕರ ಕಡಿಯುತ್ತಿತ್ತು. ಕಣ್ಣು ಕಾಣುತ್ತಿರಲಿಲ್ಲ. “ಹಿಂಗs ನಿಂತೈತಿ. ಇದರ ಕರ ಹೋದ ತಿಂಗಳ ಸತ್ತೋತು. ಆ ಹೊಗಿ ಕುಂತ ಹುಲ್ಲು ತಿಂದು” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಶಂಭುಲಿಂಗ ಅಲ್ಲಿಂದ ನೇರ ತಾಯಪ್ಪನ ಮನೆಗೆ ಹೋಗಿ, ಅವನನ್ನು ಒಪ್ಪಿಸಿ ಬಸ್ಸು ಹತ್ತಿಸಿದ.

ಬಳ್ಳಾರಿಯ ಆಸ್ಪತ್ರೆಯಲ್ಲಿ ವೈದ್ಯರು ತಾಯಪ್ಪನ ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿಗಪ್ಪು ಗೆರೆ ಎಳೆದಂತಿತ್ತು. ಏನು ಕೆಲಸ ಎಂದು ಕೇಳಿದರು. ರಕ್ತ ಪರೀಕ್ಷೆಯಾಗುವ ಮೊದಲೇ ಅವರಿಗೆ ಅನುಮಾನ ಬಂದಿತ್ತು, ಪರೀಕ್ಷೆ ಅದನ್ನೇ ಹೇಳಿತು. ಸೀಸ ಮೈಗೇರಿದೆ, ಭಟ್ಟಿಯ ಹತ್ತಿರ ಹೋದರೆ ಔಷಧ ಕೊಟ್ಟೂ ಪ್ರಯೋಜನವಿಲ್ಲ ಎಂದರು. ಜಂಬವ್ವನ ರಕ್ತದಲ್ಲೂ ಇತ್ತು. ಗಂಡನ ಬಟ್ಟೆ ಒಗೆಯುತ್ತಿದ್ದವಳು ಅವಳೇ.

ಊರಿಗೆ ಮರಳುವಾಗ ಶಂಭುಲಿಂಗ ಹೇಳಿದ: “ತಾಯಪ್ಪಾ, ಇನ್ ಮ್ಯಾಲ ನಿನಗ ಬ್ಯಾಟರಿ ಕೊಡಂಗಿಲ್ಲ.”

“ಯಾಕ?”

“ಯಾಕ ಅಂತ ಕೇಳ್ತೀ? ಡಾಕ್ಟ್ರು ಹೇಳಿದ್ದು ಕೇಳಲಿಲ್ಲೇನು?”

“ಗಣಿಯಾಗ ಕೆಲಸ ಮಾಡೋರು ಧೂಳ ನುಂಗಂಗಿಲ್ಲೇನು? ಯಾರ್ ಬಿಟ್ಟಾರ? ನಿನ್ನ ಹಿತ್ತಲ ತುಂಬಿದಾಗ ತಾಯಪ್ಪ ಬೇಕಾಗಿತ್ತು. ಈಗ ದೊಡ್ಡ ಮನಷ್ಯಾ ಆಗೀ.”

ಆಮೇಲೆ ಅವನು ಬಸ್ಸಿನ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಊರು ಹತ್ತಿರ ಬಂದರೂ ಈ ಕಡೆ ತಿರುಗಲಿಲ್ಲ.

ಶಂಭುಲಿಂಗ ತನ್ನ ಬ್ಯಾಟರಿಗಳನ್ನು ನಿಯಮದಂತೆ ಕಾರ್ಖಾನೆಗೆ ಕಳಿಸತೊಡಗಿದ. ತನ್ನ ಪಾಲಿನದು ಮುಗಿಯಿತೆಂದು ಸ್ವಲ್ಪ ನೆಮ್ಮದಿಯೂ ಪಟ್ಟ. ಆದರೆ ಆ ರಸ್ತೆಯಲ್ಲಿ ಬ್ಯಾಟರಿ ಅಂಗಡಿ ಅವನದೊಂದೇ ಆಗಿರಲಿಲ್ಲ. ತಾಯಪ್ಪ ಬೇರೆಯವರ ಹಿತ್ತಲು ಖಾಲಿ ಮಾಡುತ್ತಿದ್ದಾನೆ, ಕೊಡಲಿ ಹಿಡಿಯಲಾಗದ್ದಕ್ಕೆ ಕೂಲಿಯವರನ್ನು ಇಟ್ಟುಕೊಂಡಿದ್ದಾನೆ ಎಂದು ಸುದ್ದಿ ಬಂತು. ಅದರ ಹಿಂದೆಯೇ ಜಂಬವ್ವ ಬಂದಳು. ಈ ಸಲ ಬಾಗಿಲಲ್ಲೇ ಕುಸಿದು ಕೂತಳು.

“ಅದನ್ನ ಬಂದ್ ಮಾಡಸ್ರಿ ಅಣ್ಣಾ. ನನ್ನ ಮಾತು ಕೇಳಂಗಿಲ್ಲ, ನಿಮ್ಮ ಮಾತೂ ಕೇಳಂಗಿಲ್ಲ. ಸರಕಾರದೋರು ಬಂದು ಬೀಗ ಜಡಿದ್ರನ ಅವ ಉಳಿತಾನ.”

“ನಾ ಹೋಗಿ ಹೇಳಿದ್ರ, ಬ್ಯಾಟರಿ ಎಲ್ಲಿಂದ ಬಂದ್ವು ಅಂತ ಮೊದಲು ನನ್ನs ಕೇಳ್ತಾರ ಜಂಬವ್ವ.”

“ಕೇಳ್ತಾರ” ಎಂದಳು ಅವಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು.

ಶಂಭುಲಿಂಗ ಹಲವು ದಿನ ಒದ್ದಾಡಿದ. ಸಂಡೂರಿನ ಕಡೆಯ ಒಂದು ಗಣಿ ಕಂಪನಿ ತನ್ನ ಎಲ್ಲ ಲಾರಿಗಳ ಬ್ಯಾಟರಿ ಅವನಿಂದಲೇ ಕೊಳ್ಳುವ ಮಾತಾಡಿತ್ತು. ಸುಮ್ಮನಿದ್ದರೆ ಅಂಗಡಿ ದೊಡ್ಡದಾಗುತ್ತಿತ್ತು. ಆದರೆ ಗೋಡೆಗೆ ಹಣೆಯೊತ್ತಿ ನಿಂತ ಆ ಎಮ್ಮೆ ಊಟಕ್ಕೆ ಕೂತಾಗೆಲ್ಲ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅಂಗಡಿ ತೆಗೆಯದೆ ಬಳ್ಳಾರಿಯ ಬಸ್ಸು ಹತ್ತಿದ.

ಶೈಲಶ್ರೀ ಎಲ್ಲವನ್ನೂ ಕೇಳಿಸಿಕೊಂಡರು. “ನೀವೂ ತಪ್ಪಿತಸ್ಥರೇ ಆಗ್ತೀರಿ, ಗೊತ್ತಲ್ಲ?” ಎಂದರು.

“ಗೊತ್ತೈತ್ರಿ.”

“ನಾನು ಬಂದಾಗಲೇ ಹೇಳಿದ್ದೆ.”

“ಹೇಳಿದ್ರಿ. ನಮ್ಮ ಹಿತ್ತಲ ದಾಟಿದ ಮ್ಯಾಲ ಅದು ನಮ್ಮದಲ್ಲ ಅನ್ಕೊಂಡಿದ್ದೆ. ಅದು ಎಲ್ಲಿಗೆ ಹೋಗ್ತತಿ ಅಂತ ಒಮ್ಮೀನೂ ನೋಡಿರಲಿಲ್ಲ.”

ಶೆಡ್ಡಿಗೆ ಬೀಗ ಬಿತ್ತು. ಶಂಭುಲಿಂಗನಿಗೂ ನೋಟಿಸು ಬಂತು, ಬ್ಯಾಟರಿ ಕೊಟ್ಟ ಉಳಿದ ಅಂಗಡಿಗಳಿಗೂ ಬಂತು. ಅವರೆಲ್ಲ ಅವನೊಂದಿಗೆ ಮಾತು ಬಿಟ್ಟರು. ಬ್ಯಾಟರಿ ಕಂಪನಿ ಅವನ ಏಜೆನ್ಸಿ ಕಿತ್ತುಕೊಂಡಿತು. ನೋಟಿಸು ಇದ್ದವನ ಜೊತೆ ವ್ಯವಹಾರ ಬೇಡವೆಂದು ಗಣಿಯವರು ಹಿಂದೆ ಸರಿದರು. ಅಂಗಡಿಯ ಬೋರ್ಡು ಇಳಿಸಿ, ಹಳೇ ಬ್ಯಾಟರಿಗಳಿಗೆ ಚಾರ್ಜ್ ಹಾಕಿಕೊಡುವ, ವೈರಿಂಗ್ ಮಾಡುವ ಕೆಲಸಕ್ಕೆ ಅವನು ಮರಳಿದ. ಶೆಡ್ಡಿನ ಸುತ್ತಲ ಮಣ್ಣನ್ನು ಕೆರೆದು, ಟಾರ್ಪಾಲು ಹೊದಿಸಿದ ಟಿಪ್ಪರಿನಲ್ಲಿ ದೂರದ ವಿಲೇವಾರಿ ಜಾಗಕ್ಕೆ ಸಾಗಿಸಬೇಕೆಂದು ಆದೇಶವಾಯಿತು. ಅದರ ಖರ್ಚಿನಲ್ಲಿ ತನ್ನ ಪಾಲು ಕಟ್ಟಲು ಶಂಭುಲಿಂಗ ಹೆಂಡತಿಯ ಊರಿನ ಹೊಲ ಮಾರಿದ. ಎರ್ರೆಮ್ಮನ ಎಮ್ಮೆ ಅಷ್ಟರಲ್ಲಿ ಸತ್ತಿತ್ತು. ಶೆಡ್ಡಿನ ಸುತ್ತಲಿನವರ ಹಾಲನ್ನು ಊರಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಶಂಭುಲಿಂಗ ಎಮ್ಮಿಗನೂರಿಗೆ ಹೋದ. ತಾಯಪ್ಪ ಮನೆಯ ಮುಂದೆ ಕೂತಿದ್ದ. ಮೈ ಸ್ವಲ್ಪ ತುಂಬಿಕೊಂಡಿತ್ತು, ಬಲಗೈಯ ಬೆರಳುಗಳು ಅಲುಗುತ್ತಿದ್ದವು. ಶಂಭುಲಿಂಗನನ್ನು ಕಂಡವನೇ ಎದ್ದು, “ಗೆಳ್ಯಾನ ಹೊಟ್ಟಿ ಮ್ಯಾಲ ಹೊಡದು ಬಂದೇನಲೇ ನೋಡಾಕ?” ಎಂದು ಕಾಲುವೆಯ ಕಡೆಗೆ ನಡೆದುಬಿಟ್ಟ.

ಜಂಬವ್ವ ಒಳಗಿನಿಂದ ನೀರು ತಂದಳು. ಗಂಡ ಹೋದ ದಿಕ್ಕನ್ನೊಮ್ಮೆ ನೋಡಿ ದನಿ ತಗ್ಗಿಸಿದಳು.

“ನಾ ಬಂದು ಕೇಳಿದ್ದು ಅವಗ ಗೊತ್ತಿಲ್ಲಣ್ಣಾ. ನೀವಾಗೇ ಹೋಗಿ ಬಂದ್ ಮಾಡಿಸಿದ್ರಿ ಅಂತ ತಿಳಕೊಂಡಾನ. ಹೇಳಬ್ಯಾಡ್ರಿ. ಗೊತ್ತಾದ್ರ ಈ ಮನ್ಯಾಗ ನಾ ಹ್ಯಾಂಗ ಬಾಳಲಿ?”

“ಹೇಳಂಗಿಲ್ಲವ್ವ” ಎಂದ ಶಂಭುಲಿಂಗ.

ನೀರು ಕುಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಕಾಲುವೆ ದಂಡೆಯಲ್ಲಿ ತಾಯಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಕೂಗಬೇಕೆನ್ನಿಸಿತು. ಏನೆಂದು ಕೂಗುವುದೆಂದು ತಿಳಿಯದೆ ಶಂಭುಲಿಂಗ ಮುಂದೆ ಹೋದ.