ರೋಮಿಗೆ ಹೊರಟ ಕಾರ್ಟನ್

ಗಲ್ಫಿನಲ್ಲಿ ದುಡಿದಷ್ಟು ವರ್ಷವೂ ಜುವಾಕಿಂ ಸಿಕ್ಕಿದ ರಜೆಯನ್ನೆಲ್ಲ ಮಂಗಳೂರಿಗೇ ಕೊಟ್ಟವರು. ಪ್ರಯಾಣವೆಂದರೆ ಅವರ ಕೈಗೆ ಗೊತ್ತಿದ್ದದ್ದು ಒಂದೇ: ರಟ್ಟಿನ ಕಾರ್ಟನ್, ಅದರ ಮೈತುಂಬ ಟೇಪು, ಮೇಲೆ ನೀಲಿ ಹಗ್ಗ. ನಿವೃತ್ತಿಯಾದ ಮೇಲೆ ಹೆಂಡತಿ ಮಗ್ದಲೀನ್ ಜತೆ ಇಟಲಿ, ಗ್ರೀಸ್, ಟರ್ಕಿ ಎಂದು ಮೆಡಿಟರೇನಿಯನ್ ಕಡಲ ಸುತ್ತ ತಿಂಗಳುಗಟ್ಟಲೆ ತಿರುಗಲು ಹೊರಟಾಗಲೂ ಕೈ ತನ್ನ ಚಾಳಿ ಬಿಡಲಿಲ್ಲ.

ದುಬೈಯ ಸಿಲಿಕಾನ್ ಓಯಸಿಸ್‌ನ ಆಫೀಸು ಮುಗಿಸಿ ಅಲ್ ಕುಸೈಸ್‌ನ ಫ್ಲಾಟಿಗೆ ಬಂದ ಮಗ ಶರ್ವಿನ್, ಕಾರ್ಟನ್ ನೋಡಿ ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಂತ ಪಪ್ಪಾ ಇದು? ರೋಮಿನಲ್ಲಿ ನಮ್ಮ ಯಾವ ಮಾವ ಇದ್ದಾನೆ?"

"ಯಾರೂ ಇಲ್ಲ. ಹಾಗಂತ ಒಬ್ಬರ ಊರಿಗೆ ಬರೀ ಕೈಯಲ್ಲಿ ಹೋಗುದುಂಟಾ?"

ಒಳಗೆ ಸಾಬೂನು, ನೋವಿನ ಬಾಮು, ಖರ್ಜೂರ, ಚಹಾಪುಡಿ.

ದುಬೈಯಲ್ಲೇ ದೇರಾದಿಂದ ಬಂದಿದ್ದ ಜುವಾಕಿಂ ಅವರ ಅಕ್ಕ ಜೋಸ್ಫಿನ್ ಸೋಫಾದಿಂದಲೇ ಬಾಣ ಬಿಟ್ಟಳು. "ಗ್ರೂಪ್ ಟೂರಿಗೆ ಸೇರು ಜುವಾಕಿಂ. ಬಾವುಟ ಹಿಡಿದವನ ಹಿಂದೆ ನಡೆದರೆ ಆಯ್ತು. ನಿನಗೆ ಸರಿಯಾಗಿ ದಾರಿ ಕೇಳ್ಲಿಕ್ಕೂ ಬರುದಿಲ್ಲ."

ಜುವಾಕಿಂ ಮುಖ ಕೆಂಪಾಯಿತು. ಶರ್ವಿನ್‌ಗೆ ಅಷ್ಟೇ ಬೇಕಿತ್ತು. ಸಿನಿಮಾ ಹೀರೋನಂತೆ ಕಾಲರ್ ಎತ್ತಿ ನಿಂತ.

"ಬೆಟ್ ಕಟ್ಟುವ ಪಪ್ಪಾ. ಎಂಟ್ರಿ ಯಾರು ಬೇಕಾದ್ರೂ ಕೊಡಬಹುದು, ಇಂಟರ್‌ವಲ್ ದಾಟಿದವನೇ ಹೀರೋ! 'ಪುತಾ, ಮಗಾ, ಸಹಾಯ ಮಾಡು' ಅಂತ ಒಂದು ಫೋನ್ ಬಂದ್ರೆ ಪಿಕ್ಚರ್ ಖಲಾಸ್. ಇನ್ನು ಮೇಲೆ ನೀವಿಬ್ಬರೂ ಬಾವುಟದ ಹಿಂದೆ."

"ಒಪ್ಪಿದೆ," ಎಂದರು ಜುವಾಕಿಂ, ಹಗ್ಗಕ್ಕೆ ಕೊನೆಯ ಗಂಟು ಬಿಗಿಯುತ್ತ.

ಅವರು ನೇಪಲ್ಸ್ ತಲುಪಿದ ದಿನ ಶರ್ವಿನ್ ಬೇರೆ ನಂಬರಿನಿಂದ ಫೋನ್ ಮಾಡಿ, ಗಂಟಲು ದಪ್ಪ ಮಾಡಿಕೊಂಡು ಇಂಗ್ಲಿಷಿನಲ್ಲಿ ಗುಡುಗಿದ: ಇಲ್ಲಿ ಪೊಲೀಸ್, ನಿಮ್ಮ ಪೆಟ್ಟಿಗೆಯನ್ನು ಅರೆಸ್ಟ್ ಮಾಡಿದ್ದೇವೆ.

"ಒಳ್ಳೇದಾಯ್ತು," ಎಂದರು ಜುವಾಕಿಂ ಕನ್ನಡದಲ್ಲೇ. "ಅದಕ್ಕೆ ಊಟ ಹಾಕಿ. ಮತ್ತೆ ಶರ್ವಿನ್, ಆಫೀಸಿನಲ್ಲಿ ನಿನಗೆ ಕೆಲಸ ಇಲ್ವಾ?"

ಆದರೆ ವಾರ ಕಳೆದು ಬಂದ ಸುದ್ದಿಯಲ್ಲಿ ತಮಾಷೆ ಇರಲಿಲ್ಲ. ಗ್ರೀಸಿನಲ್ಲಿ ಹಡಗುಗಳ ಮುಷ್ಕರ. ಪಪ್ಪ, ಮಮ್ಮಿ ಇದ್ದದ್ದು ಒಂದು ಪುಟ್ಟ ದ್ವೀಪದಲ್ಲಿ. ರೂಮಿನ ಬುಕಿಂಗ್ ಅಂದು ಬೆಳಿಗ್ಗೆಗೆ ಮುಗಿದಿತ್ತು. ಶರ್ವಿನ್ ಲ್ಯಾಪ್‌ಟಾಪ್ ತೆರೆದು ಹೋಟೆಲು, ವಿಮಾನ, ರಾಯಭಾರ ಕಚೇರಿ ಎಲ್ಲ ಹುಡುಕಿದ. ಬೆಟ್ ಗೆಲ್ಲುವ ಆಸೆ ಎಲ್ಲಿ ಹೋಯಿತೋ! ಒಮ್ಮೆ ಫೋನ್ ಬಂದರೆ ಸಾಕೆನಿಸಿತು.

ಬಂತು. "ಪುತಾ..."

"ಪಪ್ಪಾ! ಹೇಳಿ, ಎಲ್ಲ ರೆಡಿ ಉಂಟು!"

"ಎಂತದು ರೆಡಿ? ಮಮ್ಮಿ ಹತ್ರ ಮಾತಾಡು."

ಹಿಂದೆ ಪಾತ್ರೆಗಳ ಸದ್ದು, ಜನರ ನಗು. "ನಮಗೆ ರೂಮು ಕೊಟ್ಟ ಮನೆಯವಳು, ಎಲೆನಿ ಅಂತ," ಎಂದಳು ಮಗ್ದಲೀನ್. "ಅವಳ ಮೊಣಕಾಲಿಗೆ ಮೊನ್ನೆ ನಮ್ಮ ಬಾಮು ಹಚ್ಚಿದ್ದೆ. ಈಗ ಹೋಗಿ ಅಂದ್ರೂ ಬಿಡುದಿಲ್ಲ! ಹಡಗು ಇಲ್ಲದೆ ಸಿಕ್ಕಿಬಿದ್ದವರಿಗೆಲ್ಲ ಇಲ್ಲೇ ಊಟ, ಮೀನು ಸಾರು ನಂದು. ನಿನ್ನ ಪಪ್ಪ ನೋಡು, ಒಂದು ಶಬ್ದ ಗ್ರೀಕ್ ಬಾರದೆ ಆಗಿನಿಂದ ಇಡೀ ಊರಿನ ಹತ್ರ ಮಾತಾಡ್ತಾ ಇದ್ದಾರೆ."

ಫೋನ್ ಮತ್ತೆ ಜುವಾಕಿಂ ಕೈಗೆ ಬಂತು. "ಎಲೆನಿಯ ಮೊಮ್ಮಗ ನಾಳೆ ಏಥೆನ್ಸಿನಿಂದ ಅಬುಧಾಬಿಗೆ ಬರ್ತಾನೆ, ಹೋಟೆಲ್ ಕೆಲಸಕ್ಕೆ. ನೀನು ಏರ್‌ಪೋರ್ಟಿಗೆ ಹೋಗು. ಗಲ್ಫಿಗೆ ಬಂದ ಮೊದಲ ದಿನ ಒಬ್ಬನೇ ನಿಲ್ಲುದು ಅಂದ್ರೆ ಎಂತ ಅಂತ ನನಗೆ ಗೊತ್ತುಂಟು."

ಶರ್ವಿನ್ ಲ್ಯಾಪ್‌ಟಾಪ್ ಮುಚ್ಚಿದ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಪಪ್ಪಾ, ಇದು ಸಹಾಯ ಕೇಳಿದ ಹಾಗೆ. ಬೆಟ್ ನಾನು ಗೆದ್ದೆ!"

"ನಾನು ಕೇಳಿದ್ದಲ್ಲ ಮಾರಾಯ, ನಿನ್ನನ್ನು ಕಳಿಸುದು. ಯಲ್ಲಾ, ಬೇಗ ಫೋನ್ ಇಡು. ಸಾರು ತಣಿಯುತ್ತೆ."

ಮರುದಿನ ಅಬುಧಾಬಿ ಏರ್‌ಪೋರ್ಟಿನಲ್ಲಿ ಬೆನ್ನಿಗೆ ಚೀಲ ಹೊತ್ತ ಉದ್ದನೆಯ ಹುಡುಗನೊಬ್ಬ ಗಾಬರಿಯಿಂದ ಸುತ್ತಮುತ್ತ ನೋಡುತ್ತ ಹೊರಬಂದ. ಶರ್ವಿನ್ ಕೈ ಚಾಚಿದ. ಹೊಸಬರೆದುರು ಅವನು ಯಾವಾಗಲೂ ಮೊದಲು ಹೇಳುತ್ತಿದ್ದದ್ದು ಕಂಪನಿಯ ಹೆಸರು, ಆಮೇಲೆ ತನ್ನ ಹುದ್ದೆ. ಇಂದು ಎದೆ ಸೆಟೆಸಿ, ಇಡೀ ಏರ್‌ಪೋರ್ಟಿಗೆ ಕೇಳುವಂತೆ, "ನಾನು ಜುವಾಕಿಂ ಅವರ ಮಗ," ಎಂದ.

ಅಜ್ಜಿ ಫೋನಿನಲ್ಲಿ ಹೇಳಿದ್ದ ಹೆಸರು ಕೇಳಿ ಹುಡುಗನ ಮುಖ ಅರಳಿತು.