ಅಂಕಿತವಿಲ್ಲದ ಹಾಡು

ನಮ್ಮ ಅತ್ತೆ ತುಳಸಮ್ಮನವರ ಪಕ್ಕ ಕೂತು ಕಚೇರಿ ಕೇಳುವುದೆಂದರೆ ಸೊಸೆಯಾದ ನನಗೆ ಶಿಕ್ಷೆ. ನನ್ನ ತಾಳ ತಪ್ಪಿದರೆ ತೊಡೆಗೆ ಏಟು. ಹಾಡಿನ ಕೊನೆಗೆ ದಾಸರ ಅಂಕಿತ ಬಂದಾಗ ಕೈ ಮುಗಿಯುವುದು ಮರೆತರೆ ಮೊಣಕೈಯಿಂದ ತಿವಿತ. ಹಾಡು ಕಟ್ಟಿದವರ ಗುರುತು ಆ ಸಾಲಿನಲ್ಲಿರುತ್ತದೆ, ಅದಕ್ಕೆ ಮರ್ಯಾದೆ ಕೊಡದವರು ಹಾಡು ಕೇಳಲೇಬಾರದು ಎಂಬುದು ಅವರ ಕಾನೂನು.

ಐವತ್ತೆಂಟರ ರಾಮನವಮಿಗೆ ಗುಬ್ಬಿಯ ಚಪ್ಪರದಲ್ಲಿ ಹಾಡಬೇಕಾಗಿದ್ದ ತುಮಕೂರಿನ ವಿದ್ವಾಂಸರಿಗೆ ಗಂಟಲು ಕೆಟ್ಟಿತು. ತಮ್ಮ ಬದಲಿಗೆ ಕುಣಿಗಲಿನ ಮಂಜುಳಮ್ಮ ಎಂಬುವರನ್ನು ಕಳಿಸಿದರು. ಆ ಹೆಸರು ಕೇಳಿದವರೇ ಇಲ್ಲ. ಪಾನಕ ಕುಡಿದು ಎದ್ದುಹೋಗೋಣ ಎಂದುಕೊಂಡೇ ಅರ್ಧ ಊರು ಬಂದಿತ್ತು, ನಾನೂ ಸೇರಿದಂತೆ.

ಏಳಲು ಆಗಲಿಲ್ಲ. ಕಾಡಿಗೆ ಅಟ್ಟುವ ಮುನ್ನ ಸೀತೆಯನ್ನು ಒಂದು ಮಾತು ಕೇಳಿದೆಯಾ ಎಂದು ರಾಮನನ್ನೇ ವಿಚಾರಿಸುವ ಹಾಡು ಅದು. ಆಕೆಯ ದನಿ ದೊಡ್ಡದಲ್ಲ, ಆದರೆ ಮನೆಯವರೇ ಮಾತಾಡಿದಂತಿತ್ತು. ಹೆಂಗಸರ ಕಡೆ ಸೆರಗುಗಳು ಕಣ್ಣಿಗೆ ಹೋದವು. ಕೊನೆಯ ಚರಣ ಬಂತೆಂದು ಅತ್ತೆ ಕೈ ಎತ್ತಿದರು, ಮುಂದಿನ ಸಾಲಿನವರೂ ಎತ್ತಿದರು. ಅಂಕಿತ ಬರಲೇ ಇಲ್ಲ. ಹಾಡು ಮುಗಿದುಹೋಯಿತು, ಎತ್ತಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಹಾಗೇ ಉಳಿದವು.

ರಾಮನವಮಿ ಸಮಿತಿಯ ಅಧ್ಯಕ್ಷರು ನಮ್ಮ ಮಾವನವರ ಅಣ್ಣ, ದೊಡ್ಡಮಾವ ಪುಟ್ಟರಂಗಯ್ಯನವರು. ಆಕೆ ಒಂದು ಚರಣ ನುಂಗಿಬಿಟ್ಟರೆಂದೇ ತಿಳಿದು ಎದ್ದು ನಿಂತು ಕೇಳಿದರು. ಮಂಜುಳಮ್ಮ ತಲೆ ತಗ್ಗಿಸಲಿಲ್ಲ.

"ಅಷ್ಟೇ ಹಾಡು, ಸ್ವಾಮಿ. ನಾನೇ ಕಟ್ಟಿದ್ದು. ನಂಗೆ ಅಂಕಿತ ಕೊಡೋ ಗುರುಗಳು ಯಾರೂ ಸಿಗ್ಲಿಲ್ಲ."

ಹಾಗಿದ್ದರೆ ಸ್ವಂತದ್ದು ಸಾಕು, ದಾಸರ ಪದ ಹಾಡಿ, ಇಲ್ಲವೇ ಮಂಗಳ ಹೇಳಿ ಎಂದರು ದೊಡ್ಡಮಾವ. ಆಕೆಯ ಮುಖ ಕಪ್ಪಿಟ್ಟಿತು. ಸ್ವಂತ ಹಾಡುಗಳನ್ನು ಹತ್ತು ಜನರ ಮುಂದೆ ಹಾಡಲು ಸಿಕ್ಕಿದ್ದು ಅದೇ ಮೊದಲು ಎಂದು ಸಣ್ಣ ದನಿಯಲ್ಲಿ ಹೇಳಿಕೊಂಡರು. ಪಿಟೀಲಿನವರು ಮಂಗಳಕ್ಕೆ ಶ್ರುತಿ ನೋಡತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

ಎದ್ದವರು ಅತ್ತೆ. ಮದುವೆಯಾದಾಗಿನಿಂದ ಭಾವನ ಎದುರು ಬಾಗಿಲ ಮರೆಯಲ್ಲಿ ನಿಂತೇ ಬದುಕಿದವರು, ಚಪ್ಪರದ ತುಂಬ ಜನರ ಮಧ್ಯೆ ನಿಂತು ಮಾತಾಡಿದರು.

"ಅಂಕಿತ ತಾನೇ ಬೇಕಾಗಿರೋದು, ಭಾವ? ಅವ್ಳ ಹೆಸ್ರೇ ಇಟ್ಕೊಂಡು ಹಾಡ್ಲಿ."

"ಬದುಕಿರೋ ಹೆಂಗ್ಸಿನ ಹೆಸ್ರಿಗೆ ಯಾರಮ್ಮ ಕೈ ಮುಗಿಯೋರು?"

"ನಾನು ಮುಗೀತೀನಿ. ನೀನು ಹಾಡಮ್ಮ."

ದೊಡ್ಡಮಾವ ಕೂತುಬಿಟ್ಟರು. ಮಂಜುಳಮ್ಮ ಕಣ್ಣು ಮುಚ್ಚಿ ಅದೇ ಚರಣವನ್ನು ಮತ್ತೆ ಎತ್ತಿಕೊಂಡರು. ಕೊನೆಯ ಸಾಲಿಗೆ ಬಂದಾಗ ಹಾಡಿದರು: "ಕುಣಿಗಲ ಮಂಜುಳೆ ಕೇಳುವಳು, ರಾಮ."

ಅತ್ತೆ ಕೈ ಮುಗಿದರು. ಈ ಸಲ ನನ್ನನ್ನು ತಿವಿಯಬೇಕಾಗಲಿಲ್ಲ. ನಮ್ಮ ಹಿಂದೆ ಬಳೆಗಳ ಸದ್ದಾಯಿತು, ತಿರುಗಿ ನೋಡಿದರೆ ಹೆಂಗಸರೆಲ್ಲರ ಕೈಯೂ ಎದೆಯ ಹತ್ತಿರ. ಗಂಡಸರಲ್ಲೂ ಕೆಲವರು ಮುಗಿದರು. ಮುಂದಿನ ಹಾಡಿಗೆ ಆಕೆ ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ಹೆಸರಿಟ್ಟರು, ಅದರ ಮುಂದಿನದಕ್ಕೂ.

ಕಚೇರಿ ಮುಗಿದ ಮೇಲೆ ನಿಟ್ಟೂರಿನ ಕಡೆಯ ಹೆಂಗಸೊಬ್ಬರು ನನ್ನ ತೋಳು ಹಿಡಿದು, ಅಷ್ಟು ಜನರ ಎದುರು ಎದ್ದು ನಿಂತವರು ಯಾರು ಎಂದು ಕೇಳಿದರು. ಸುತ್ತಲಿನವರಿಗೆಲ್ಲ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ನಮ್ಮತ್ತೆ."