ಆಚಾರ್ಯರ ಏಕಾದಶಿ ಫಳಾರ

ಪವಮಾನಾಚಾರ್ಯರ ಹಟ ಚಿತ್ತಾಪುರಕ್ಕೆಲ್ಲ ಗೊತ್ತು. ಅವರ ಹೆಂಡತಿ ಪದ್ಮಾಬಾಯಿಯದು ಅದಕ್ಕಿಂತ ದೊಡ್ಡ ಹಟ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪಾಪ, ಆಕೆಗೆ ಅದನ್ನು ತೋರಿಸುವ ಜರೂರೇ ಬಿದ್ದಿರಲಿಲ್ಲ.

ಬಿದ್ದದ್ದು ಒಂದು ಏಕಾದಶಿಯ ದಿನ. ವಿಠ್ಠಲ ಮಂದಿರದಲ್ಲಿ ಮಂಗಳಾರತಿ ಎತ್ತುತ್ತಿದ್ದ ಆಚಾರ್ಯರು ಬೆವೆತು, ಕೈ ನಡುಗಿ, ಆರತಿತಟ್ಟೆಯ ಸಮೇತ ಗರ್ಭಗುಡಿಯ ಹೊಸ್ತಿಲ ಮೇಲೆ ಬಿದ್ದರು. ಬಜಾರದ ಡಾಕ್ಟರ್ ಅಬ್ದುಲ್ ಗನಿ ಸ್ಕೂಟರಿನಲ್ಲಿ ಧಾವಿಸಿ ಬಂದು, ಗ್ಲೂಕೋಸ್ ಚುಚ್ಚಿ ಎಬ್ಬಿಸಿದರು. ವಿಚಾರಿಸಿದರೆ, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮುಂಜಾನೆ ತಪ್ಪದೆ ನುಂಗಿದ್ದಾರೆ. ಹೊಟ್ಟೆಗೆ ತೀರ್ಥದ ಹೊರತು ಏನೂ ಇಲ್ಲ.

"ಔಷಧ ತಗೊಂಡ್ರ ವ್ರತಕ್ಕ ದೋಷ ಇಲ್ಲಲ್ರಿ," ಎಂದರು ಆಚಾರ್ಯರು.

"ಗುಳಿಗಿ ಸಕ್ಕರಿ ಇಳಸ್ತದ್ರಿ. ಹೊಟ್ಟ್ಯಾಗ ಏನೂ ಇಲ್ಲಂದ್ರ ಇಳಕೋತ ಹೋಗಿ ಜೀವಕ್ಕೇ ಬರ್ತದ. ಹೊತ್ತಿಗೆ ಸರಿಯಾಗಿ ಉಣ್ರಿ. ಬಿ.ಪಿ.ನೂ ಅದ, ಉಪ್ಪು ಕಮ್ಮಿ ಮಾಡ್ರಿ. ನಮ್ಮ ಅಮ್ಮಾನೂ ರಂಜಾನ್ ರೋಜಾದಾಗ ಹಿಂಗೇ ಹಟ ಹಿಡೀತಾರ, ನನಗೇನು ಹೊಸದಲ್ಲ."

ಆಚಾರ್ಯರು ಅಲ್ಲಿ ಹೂಂ ಎಂದರು. ಮನೆಗೆ ಬಂದು, "ಇಷ್ಟು ವರ್ಷದ ವ್ರತ. ಡಾಕ್ಟರ್ ಹೇಳಿದ್ರಂತ ಬಿಡ್ಲಿಕ್ಕಾಗ್ತದೇನು?" ಎಂದರು. ಪದ್ಮಾಬಾಯಿ ಅತ್ತಳು, ಬೈದಳು, ದೇವರ ಮೇಲೆ ಆಣೆ ಇಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹೊಸ್ತಿಲ ಮೇಲೆ ಬಿದ್ದಿದ್ದ ಆ ಮುಖ ಆಕೆಯ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಇನ್ನೊಮ್ಮೆ ಬಿದ್ದರೆ ಏಳಲಿಕ್ಕಿಲ್ಲ ಎಂಬ ಭಯ ಎದೆಯಲ್ಲಿ ಕುಳಿತುಬಿಟ್ಟಿತ್ತು. ಮನೆಯಲ್ಲಿ ಕೇಳದ ಗಂಡನಿಗೆ ಗುಡಿಯಲ್ಲೇ ಕೇಳಿಸುತ್ತೇನೆಂದು ಆಕೆ ನಿಶ್ಚಯಿಸಿದಳು.

ಮುಂದಿನ ಏಕಾದಶಿ ಬಂತು. ಆಚಾರ್ಯರು ಯಥಾಪ್ರಕಾರ ಗುಳಿಗೆ ನುಂಗಿ ಗುಡಿಗೆ ನಡೆದರು. ಹಿಂದೆಯೇ ಪದ್ಮಾಬಾಯಿ, ಸೆರಗಿನಡಿ ಒಂದು ಡಬ್ಬಿ. ತೀರ್ಥ ಕೊಟ್ಟಾದ ಮೇಲೆ ಆಚಾರ್ಯರು ಕಟ್ಟೆಯ ಮೇಲೆ ಕುಳಿತು ಭಕ್ತರ ಸಂದೇಹ ಬಗೆಹರಿಸುವುದು ರೂಢಿ. ಹೆಂಗಸರ ಸಾಲಿನಿಂದ ಆಕೆ ಎದ್ದು ನಿಂತಳು.

"ನಂದೊಂದು ಸಂದೇಹ ಅದರಿ, ಆಚಾರ್ರೆ. ರೋಗ ಇದ್ದವರು ಏಕಾದಶಿ ದಿನ ಏನು ಮಾಡಬೇಕ್ರಿ?"

ಶಾಸ್ತ್ರದ ಪ್ರಶ್ನೆ ಬಂದರೆ ಆಚಾರ್ಯರಿಗೆ ಹಿಂದುಮುಂದು ಕಾಣುವುದಿಲ್ಲ. "ಕೂಸುಗಳು, ಬಸುರೇರು, ರೋಗಿಗಳು ಅನ್ನ ಬಿಟ್ಟು ಫಳಾರ ಮಾಡಬೇಕು. ಜೀವಕ್ಕ ಕುತ್ತು ತಂದುಕೊಂಡು ಮಾಡೋದು ವ್ರತ ಅಲ್ಲ, ಅಹಂಕಾರ," ಎಂದು ಗಂಭೀರವಾಗಿ ಹೇಳಿಬಿಟ್ಟರು.

"ಖರೇ ಅದರಿ," ಎಂದಳು ಪಕ್ಕದಲ್ಲಿದ್ದ ಭಾಗಮ್ಮ. "ನಾ ಬಸುರಿದ್ದಾಗ ಹಿಂಗೇ ಹೇಳಿದ್ರಿ. ಫಳಾರ ಮಾಡಿದೆ. ಇಲ್ನೋಡ್ರಿ, ಮಗಳು ಹೆಂಗದಾಳ!"

ಪದ್ಮಾಬಾಯಿ ಡಬ್ಬಿಯ ಮುಚ್ಚಳ ತೆಗೆದು ಗಂಡನ ಮುಂದಿಟ್ಟಳು. ಗೋಧಿ ರವೆಯ ಉಪ್ಪಿಟ್ಟು, ಇನ್ನೂ ಬಿಸಿ.

"ಮಡೀಲೇ ಮಾಡೀನಿ, ನೆವ ಹೇಳಬ್ಯಾಡ್ರಿ. ಊರಿಗೆಲ್ಲ ಹೇಳೋ ಶಾಸ್ತ್ರ ನಮ್ಮ ಮನಿಗೂ ಇರ್ಲಿ. ನೀವು ಉಣ್ಣೋತನಕ ನಾ ಇಲ್ಲಿಂದ ಕದಲಂಗಿಲ್ಲ."

ಆಕೆ ನಿಂತಲ್ಲೇ ನಿಂತಳು. ಆಚಾರ್ಯರು ಡಬ್ಬಿ ನೋಡಿದರು, ಜನರನ್ನು ನೋಡಿದರು, ಕೊನೆಗೆ ಹೆಂಡತಿಯ ತುಂಬಿದ ಕಣ್ಣು ನೋಡಿದರು. ಡಬ್ಬಿ ಹತ್ತಿರಕ್ಕೆಳೆದುಕೊಂಡು ಒಂದು ತುತ್ತು ಬಾಯಿಗಿಟ್ಟರು.

"ಉಪ್ಪು ಕಮ್ಮಿ ಆಗ್ಯಾದಲ್ಲ," ಎಂದು ಗೊಣಗಿದರು.

"ಅದನ್ನೂ ಡಾಕ್ಟರೇ ಹೇಳ್ಯಾರ್ರಿ," ಎಂದಳು ಪದ್ಮಾಬಾಯಿ, ಕಣ್ಣೊರೆಸಿಕೊಂಡು. ಕಂಬಕ್ಕೊರಗಿ ಕುಳಿತು, ಡಬ್ಬಿ ಖಾಲಿಯಾಗುವ ತನಕ ಅಲ್ಲಿಂದ ಏಳಲಿಲ್ಲ.